ಎಡಗೈಗೆ ಸಿಗುವ ಜೇಬು

“ನಿಮ್ಮ ತಮ್ಮ ನನ್ನನ್ನ ಬೈದಷ್ಟು ನನ್ನ ಹೆಂಡ್ತಿನೂ ಬೈದಿಲ್ಲ ಅಕ್ಕಾ,” ಎಂದ ಪೋಸ್ಟ್‌ಮ್ಯಾನ್, ಊರುಗೋಲನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂರುತ್ತ. ಯುದ್ಧಕ್ಕೆ ಕರೆ ಬಂದಾಗ ಎರಡು ಕಾಲಲ್ಲಿ ಹೋದವನು ಒಂದು ಕಾಲಲ್ಲಿ ಬಂದಿದ್ದ. ಪ್ಯಾಂಟಿನ ಒಂದು ಕಾಲನ್ನು ಗಿಡ್ಡ ಮಾಡಿಸಲು ಟೈಲರಕ್ಕನ ಅಂಗಡಿಗೆ ಬಂದಿದ್ದ.

ಅಕ್ಕನ ಮುಂದೆ ತಮ್ಮನ ಚೀಲ ಬಾಯಿ ತೆರೆದುಕೊಂಡು ಬಿದ್ದಿತ್ತು. ಗುಂಡಿನ ನಡುವೆ ಗಾಯಾಳುಗಳಿಗೆ ಬ್ಯಾಂಡೇಜ್ ಕಟ್ಟುವ ಕೆಲಸ ಅವನದು. ಎರಡು ದಿನದ ರಜೆ ಮುಗಿದಿತ್ತು. ಮೂರು ಗಂಟೆಯ ಮಿಲಿಟರಿ ಲಾರಿಗೆ ವಾಪಸ್. ಬಲಗಡೆಯ ಜೇಬುಗಳನ್ನೆಲ್ಲ ಎಡಗಡೆಗೆ ಹೊಲಿದುಕೊಡು ಎಂದು ಬೆಳಿಗ್ಗೆಯೇ ಕೊಟ್ಟಿದ್ದ. ಅಕ್ಕ ಬಿಚ್ಚಿದ್ದಳು, ಹೊಲಿದಿರಲಿಲ್ಲ. ಸೂಜಿ ಮುರಿದಿದೆ ಎಂದು ಅವನನ್ನೇ ಪೇಟೆಗೆ ಅಟ್ಟಿದ್ದಳು. ಡ್ರಾಯರಿನಲ್ಲಿ ಡಬ್ಬಿ ತುಂಬ ಸೂಜಿ ಇತ್ತು. ಚೀಲ ಇಲ್ಲದೆ ಅವನು ಹೊರಡುವ ಹಾಗಿಲ್ಲ. ಲಾರಿ ತಪ್ಪಿದರೆ, ಮುಂದಿನದು ಬರುವ ತನಕ ಇನ್ನು ನಾಲ್ಕು ದಿನ ಕಣ್ಣೆದುರಿಗೇ ಇರುತ್ತಾನೆ.

“ಎಡಗಡೆಗೇ ಯಾಕಂತೆ?” ಎಂದು ಕೇಳಿದಳು.

“ಬಲಗೈ ಎಲ್ಲಿ ಖಾಲಿ ಇರುತ್ತೆ?” ಪೋಸ್ಟ್‌ಮ್ಯಾನ್ ತನ್ನ ತೊಡೆಯ ಸಂದಿಗೆ ಮುಷ್ಟಿ ಒತ್ತಿ ತೋರಿಸಿದ. “ಹೀಗೆ ಹಿಡಿದಿದ್ದ. ಬಿಟ್ರೆ ರಕ್ತ ಹರಿದು ನಾನು ಹೋದ ಹಾಗೇ. ಬ್ಯಾಂಡೇಜ್ ಇದ್ದಿದ್ದು ಬಲಗಡೆ ಜೇಬಲ್ಲಿ, ಎಡಗೈಗೆ ಎಟುಕ್ತಿಲ್ಲ. ಕೊನೆಗೆ ಹಲ್ಲಲ್ಲಿ ಕಚ್ಚಿ ಎಳೆದ. ಶೆಲ್ ಬೀಳ್ತಾನೇ ಇದೆ, ಉಳಿದೋರೆಲ್ಲ ಬಿಟ್ಟು ಗೋಡೆ ಹಿಂದೆ ಓಡಿದ ಜಾಗಕ್ಕೆ ಇವನು ತೆವಳ್ಕೊಂಡು ಬಂದಿದ್ದ. ‘ಲೋ ಸೋಮಾರಿ, ನಮ್ಮಕ್ಕನ ಕಾಗದ ಮೂರು ವಾರ ತಡ ಮಾಡಿದ್ದು ನೀನೇ ತಾನೆ, ಕಣ್ಣು ಮುಚ್ಚು ನೋಡೋಣ’ ಅಂತ ಬೈಗುಳ ಬೇರೆ. ನಾನು ಎಚ್ಚರ ತಪ್ಪಬಾರದು ಅಂತ.”

“ಹೆದರಿಕೆ ಆಗಲ್ವಾ ಅವನಿಗೆ?”

“ಆಗದೇ ಏನು. ಕೈ ಮಾತ್ರ ಅಲ್ಲಾಡಲಿಲ್ಲ ಅಕ್ಕಾ.”

ಅಕ್ಕ ಚೀಲವನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಜೋಡಿ ದಾರ ಪೋಣಿಸಿ ಮಿಷನ್ ತುಳಿಯತೊಡಗಿದಳು.

ತಮ್ಮ ಏದುಸಿರು ಬಿಡುತ್ತ ಒಳಗೆ ಬಂದ. “ಮೂರು ಅಂಗಡಿ ಸುತ್ತಿದೆ, ತಗೋ ಸೂಜಿ.” ಓಡುತ್ತಿದ್ದ ಮಿಷನ್ ನೋಡಿದ. “ಮುರಿದಿತ್ತಲ್ಲ?”

“ಅಕ್ಕ ಊದಿದ್ರು, ಕೂಡ್ಕೊಳ್ತು,” ಎಂದ ಪೋಸ್ಟ್‌ಮ್ಯಾನ್.

ಹೊಲಿಗೆ ಮುಗಿಸಿ ಅಕ್ಕ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಬಲಮುಷ್ಟಿಯನ್ನು ಮೇಜಿಗೆ ಒತ್ತಿ, ಕಣ್ಣು ಮುಚ್ಚಿ, ಎಡಗೈಯಿಂದ ತಡವಿದಳು. ಬೆರಳು ಜೇಬಿನ ಕೆಳಗೆ ಜಾರಿತು. ಕೂಡಲೇ ಕತ್ತರಿ ತೆಗೆದು ಹೊಲಿಗೆ ಬಿಚ್ಚಿದಳು.

“ಇನ್ನೆರಡು ಬೆರಳು ಕೆಳಗೆ ಬರಬೇಕು.”

“ಅಕ್ಕಾ, ಲಾರಿ ಬಂತು. ಹಾರ್ನ್ ಕೇಳ್ತಿಲ್ವಾ? ಇರಲಿ ಬಿಡು.”

“ಬಾಯ್ಮುಚ್ಕೊಂಡು ಕೂತ್ಕೋ.” ಪೋಸ್ಟ್‌ಮ್ಯಾನ್ ಕಡೆ ತಿರುಗಿದಳು. “ನೀನು ಹೋಗಪ್ಪಾ, ಲಾರಿನ ಒಂಚೂರು ಹಿಡ್ಕೊಂಡಿರು.”

ಪೋಸ್ಟ್‌ಮ್ಯಾನ್ ಊರುಗೋಲು ಎತ್ತಿಕೊಂಡು ಕುಂಟುತ್ತ ಹೋಗಿ, ಲಾರಿಯ ಮೂತಿಗೆ ಅಡ್ಡವಾಗಿ ನಡುರಸ್ತೆಯಲ್ಲಿ ನಿಂತ. ಡ್ರೈವರ್ ಹಾರ್ನ್ ಒತ್ತಿಯೇ ಒತ್ತಿದ. ಒಳಗೆ ಅಕ್ಕ ಜೇಬನ್ನು ಕೆಳಗಿಳಿಸಿ ಹೊಲಿದು, ಬ್ಯಾಂಡೇಜ್ ತುಂಬಿ, ಮತ್ತೆ ಕಣ್ಣು ಮುಚ್ಚಿದಳು. ಬ್ಯಾಂಡೇಜ್ ಒಂದೇ ಎಳೆತಕ್ಕೆ ಎಡಗೈಗೆ ಬಂತು.