ನಂಬರ್ ಬರೆದ ಟ್ಯೂಬುಗಳು

ಪರದೆಯ ಮೇಲಿನ ಗೆರೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಪ್ರೋಟೀನು ಅದನ್ನು ಬೇರ್ಪಡಿಸುವ ಯಂತ್ರದೊಳಗೆ ಹಾದುಹೋಗುವಾಗ ನೇರಳಾತೀತ ಬೆಳಕನ್ನು ಹೀರಿಕೊಳ್ಳುತ್ತದೆ. ಆಗ ಗೆರೆ ಗುಡ್ಡದ ಹಾಗೆ ಏಳಬೇಕು. ಸಂಶೋಧಕಿ ಎಂಟು ತಿಂಗಳು ಊಟ ನಿದ್ದೆ ಬಿಟ್ಟು ತಯಾರಿಸಿದ ಪ್ರೋಟೀನಿನ ಕೊನೆಯ ಪಾಲು ಅದು. ನಾಳೆ ಶುದ್ಧ ಪ್ರೋಟೀನು ತೋರಿಸದಿದ್ದರೆ ಈ ಕೆಲಸ ಇಲ್ಲಿಗೇ ಸಾಕು ಎಂದು ಪ್ರೊಫೆಸರು ಖಡಾಖಂಡಿತವಾಗಿ ಹೇಳಿದ್ದರು. ಹಾದುಬಂದದ್ದನ್ನೆಲ್ಲ ಯಂತ್ರ ಅವಳು ನಂಬರ್ ಬರೆದಿಟ್ಟ ಅರವತ್ತು ಟ್ಯೂಬುಗಳಿಗೆ ತುಂಬಿಸಿ ನಿಂತಿತು. ಅಷ್ಟರಲ್ಲೂ ಬರೀ ಉಪ್ಪುನೀರು ಎಂದುಕೊಂಡು, ಅವಳು ಅವನ್ನು ತೊಳೆಯುವ ತಟ್ಟೆಯಲ್ಲಿಟ್ಟು ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು.

ಮಧ್ಯಾಹ್ನ ರಿಪೇರಿಯ ಹಿರಿಯರು ಬಂದರು. ಅವರಿಗೆ ಗುಳ್ಳೆ ಮೇಷ್ಟ್ರು ಎಂದೇ ಹೆಸರು. ಯಾವ ಯಂತ್ರ ಕೆಟ್ಟರೂ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದೆ ಎನ್ನುವುದು ಅವರ ಪಾಠ. ಹತ್ತರಲ್ಲಿ ಎಂಟು ಸಲ ಅದು ನಿಜವೂ ಆಗುತ್ತಿತ್ತು. ಉಳಿದೆರಡರ ಮಾತನ್ನು ಅವರು ಎತ್ತುತ್ತಿರಲಿಲ್ಲ.

ಈ ಸಲ ಗುಳ್ಳೆ ಸಿಗಲಿಲ್ಲ. ಮೇಷ್ಟ್ರ ಮುಖ ಸಪ್ಪಗಾಯಿತು. ನೀರಿಗೆ ಒಂದು ಹನಿ ಅಸಿಟೋನ್ ಬೆರೆಸಿ ಒಳಗೆ ಬಿಟ್ಟರು. ಅಸಿಟೋನೂ ಆ ಬೆಳಕನ್ನು ಹೀರುತ್ತದೆ, ಅದು ಹಾದರೆ ಗೆರೆ ಏಳಲೇಬೇಕು. ಏಳಲಿಲ್ಲ.

"ನಿನ್ನ ಪ್ರೋಟೀನ್ ಎಲ್ಲೂ ಹೋಗಿಲ್ಲಮ್ಮ. ಇದಕ್ಕೇ ಕಣ್ಣು ಕಾಣ್ತಿಲ್ಲ" ಎಂದು ಮುಚ್ಚಳ ಬಿಚ್ಚಿದರು. ದೀಪದ ಬೆಳಕನ್ನು ತರುವ ಗಾಜಿನ ತಂತು ಅರ್ಧಂಬರ್ಧ ಕೂತಿತ್ತು. "ಇದನ್ನ ಯಾರು ತೆಗೆದಿದ್ರು?"

"ನಾನೇ ಸರ್. ಹೋದ ವಾರ ಒರೆಸೋಕೆ."

"ಬೆಳಕು ಸಾಲದು ಅಂತ ಎಚ್ಚರಿಕೆ ಬಂದಿರ್ಬೇಕಲ್ಲ?"

"ಬಂತು. ಸೊನ್ನೆಯ ಗುಂಡಿ ಒತ್ತಿದೆ, ಗೆರೆ ಸೊನ್ನೆಗೆ ಬಂದು ಸರಿಹೋಯ್ತು."

"ಭೇಷ್! ಕತ್ತಲೆಗೇ ಸೊನ್ನೆ ಹಾಕಿ ಕೂರಿಸಿದ್ದೀಯ. ಟ್ಯೂಬುಗಳೆಲ್ಲಿ?"

ಅವಳು ಎದ್ದುಬಿದ್ದು ತೊಳೆಯುವ ಕೋಣೆಗೆ ಓಡಿದಳು. ತಟ್ಟೆ ಖಾಲಿ. ಗಾಜು ತೊಳೆಯುವ ಅಕ್ಕ ಕೈ ಒರೆಸಿಕೊಳ್ಳುತ್ತಿದ್ದರು.

"ಅಕ್ಕಾ, ನನ್ನ ಟ್ಯೂಬು... ಚೆಲ್ಲಿಬಿಟ್ರಾ?"

"ನಂಬರ್ ಬರೆದದ್ದನ್ನ, ಬರೆದೋರೇ ಬಂದು ತೊಳೀರಿ ಅನ್ನೋವರೆಗೂ ನಾನು ಮುಟ್ಟಲ್ಲಮ್ಮ. ಫ್ರಿಜ್ಜಲ್ಲಿ ಇಟ್ಟಿದ್ದೀನಿ, ನೋಡು. ಹಿಂದೊಂದ್ಸಲ ಒಬ್ಬರ ವರ್ಷದ ಕೆಲಸ ನನ್ನ ಕೈಯಿಂದ ಸಿಂಕಿಗೆ ಹೋಯ್ತು. ಅವರ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ."

ಒಂದೊಂದು ಟ್ಯೂಬಿನಿಂದ ಒಂದೊಂದು ಹನಿಯನ್ನು ಬೇರೆಬೇರೆ ಗುಳಿಗಳಲ್ಲಿದ್ದ ಕಂದು ಬಣ್ಣದ ದ್ರಾವಣಕ್ಕೆ ಬಿಟ್ಟಳು. ಪ್ರೋಟೀನಿದ್ದರೆ ಅದು ನೀಲಿಯಾಗಬೇಕು. ಮೂವತ್ತರವರೆಗೂ ಏನೂ ಇಲ್ಲ. ಮೂವತ್ತೊಂದು ತಿಳಿನೀಲಿ. ಮೂವತ್ತೆರಡು, ಮೂವತ್ತಮೂರು ಗಾಢ ನೀಲಿ. ಮೂವತ್ತನಾಲ್ಕು ಮತ್ತೆ ತಿಳಿ.

ಅವಳು ಅಕ್ಕನ ಒದ್ದೆ ಕೈಗಳನ್ನು ಹಿಡಿದುಕೊಂಡಳು. "ನೀವಿಲ್ದಿದ್ರೆ ನಾನು ಮುಳುಗೇ ಹೋಗ್ತಿದ್ದೆ ಅಕ್ಕಾ." ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರಿಗೂ ಕೈಮುಗಿದಳು. ಎಲ್ಲೋ ಒಂದು ಸಣ್ಣ ಗುಳ್ಳೆ ಇದ್ದೇ ಇರಬೇಕು ಎಂದು ಅವರು ಗೊಣಗಿಕೊಂಡರು.

ನಾಲ್ಕನ್ನು ಎತ್ತಿಟ್ಟಾಯಿತು. ಉಳಿದ ಐವತ್ತಾರಕ್ಕೆ ಅಕ್ಕ ಕೈ ಚಾಚಿದಾಗ ಅವಳು ಸ್ಟೂಲು ಎಳೆದು ಹಾಕಿದಳು.

"ಇವತ್ತು ನೀವು ಕೂತ್ಕೊಳ್ಳಿ. ಬರೆದೋಳೇ ತೊಳೀತೀನಿ."

ಅಕ್ಕ ಕೂತರು. ಸ್ವಲ್ಪ ಹೊತ್ತು ನೋಡಿ, "ತಳದವರೆಗೂ ಬ್ರಷ್ ಹಾಕಮ್ಮ" ಎಂದರು.