ಕಡ್ಡಿಗೆ ಹಚ್ಚಿದ ವಿಭೂತಿ

ದಸರೆಯಲ್ಲಿ ಆಯುಧಗಳ ಖಂಡೇ ಪೂಜೆ ಬಂತೆಂದರೆ ನನ್ನ ಅಪ್ಪ ಬಸವಣ್ಣೆಪ್ಪನ ಕೈಗೆ ಸಿಕ್ಕ ಯಾವ ಕಬ್ಬಿಣವೂ ವಿಭೂತಿ ಇಲ್ಲದೆ ಉಳಿಯುವುದಿಲ್ಲ. ಕುಡಗೋಲು, ಟ್ರ್ಯಾಕ್ಟರ್, ಅವ್ವನ ಈಳಿಗೆ, ಎಲ್ಲಕ್ಕೂ ಮೂರು ಬೆರಳು. ನಮ್ಮೂರು ಚಿಕ್ಕೇರೂರಿನಲ್ಲಿ ಇದರಿಂದ ಯಾರಿಗೂ ಕೇಡಾಗಿಲ್ಲ. ಆದದ್ದು ನನಗೊಬ್ಬಳಿಗೆ.

ಹೋದ ದಸರೆಯವರೆಗೆ ನಾನು ಉತ್ತರದ ಚಳಿಯೂರೊಂದರಲ್ಲಿ ವಿಮಾನದ ಎಂಜಿನ್ ನೋಡಿಕೊಳ್ಳುತ್ತಿದ್ದೆ. ಹಬ್ಬದ ದಿನ ಮನೆಯವರನ್ನು ವಿಮಾನ ನಿಲ್ಲಿಸುವ ಶೆಡ್ಡಿನೊಳಗೆ ಕರೆತರಬಹುದಿತ್ತು, ಅಪ್ಪ ಬಂದ. ಎಂಜಿನ್ನಿನ ಬಾಯೊಳಗಿದ್ದ ಕಿರುಬೆರಳಿನಷ್ಟು ಕಡ್ಡಿಯನ್ನು ನಾನೇ ತೋರಿಸಿದೆ.

"ಮ್ಯಾಲ ಹಿಮಾ ಕಟ್ಟಿದ್ರ ಮೊದಲ ಇದಕ್ಕ ಗೊತ್ತಾಗತೇತಿ ಅಪ್ಪ. ಆಮ್ಯಾಲ ಎಂಜಿನ್ನಿನ ಬಿಸಿಗಾಳಿ ಬಿಟ್ಟು ಕರಗಸ್ತಾರ. ಇಲ್ಲಂದ್ರ ಹಿಮದ ಗಡ್ಡಿ ಒಳಗ ಹೋಗಿ ಎಂಜಿನ್ ಹಾಳ."

"ಅಂದ್ರ ಎಲ್ಲಾರ ಜೀವಾ ಕಾಯೂದು ಇದ!" ಅಪ್ಪ ಕೈಮುಗಿದ.

ನಾನು ಪ್ರಸಾದ ಹಂಚಲು ಹೋದೆ. ಅಷ್ಟರಲ್ಲಿ ಅಪ್ಪ ಏಣಿ ಹತ್ತಿ, ಕಲಸಿದ ವಿಭೂತಿಯನ್ನು ಆ ಕಡ್ಡಿಗೆ ದಪ್ಪಗೆ ಬಳಿದಿದ್ದ. ನನಗೆ ಹೇಳಲಿಲ್ಲ, ಪುಣ್ಯದ ಕೆಲಸಕ್ಕೆ ಡಂಗುರ ಸಾರಬಾರದಂತೆ! ಬೂದಿಗೂ ಹಿಮಕ್ಕೂ ಆ ಕಡ್ಡಿಗೆ ಫರಕು ತಿಳಿಯದು. ಮರುದಿನ ವಿಮಾನ ಹಾರುವ ಮೊದಲು ತಪಾಸಣೆಯಲ್ಲಿ ಸಿಕ್ಕಿತು. ಯಾರು ಹಚ್ಚಿದ್ದು ಅಂದರು. ಅಪ್ಪ ಆಗ ಊರಿನ ರೈಲಿನಲ್ಲಿದ್ದ. "ನಾನೇ" ಅಂದೆ. ಕೆಲಸ ಹೋಯಿತು, ಯಾಕೆಂದು ಮನೆಯಲ್ಲಿ ಹೇಳಲಿಲ್ಲ. ಅಪ್ಪನನ್ನು ಪೊಲೀಸರ ಮುಂದೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಬರಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಈ ದಸರೆಗೆ ಹಾನಗಲ್ಲಿನ ಮೃತ್ಯುಂಜಯ ಮಾವ ಬಂದರು. ವಿಮಾನದ ಕೆಲಸ ಕಲಿಸುವ ಶಾಲೆಯೊಂದರಲ್ಲಿ ಅವರ ಗೆಳೆಯರಿದ್ದರು. "ಅಂಕಿತಾನ ಸಲುವಾಗಿ ನಾ ಒಂದ ಮಾತು ಹೇಳಲೇನ್ರಿ?" ಅಂದರು. ವರ್ಷದ ಮೇಲೆ ನನಗೆ ಉಸಿರು ಬಂದಂತಾಯಿತು.

"ಬ್ಯಾಡ್ರಿ," ಅಂದ ಅಪ್ಪ. "ಲಕ್ಷ್ಯ ಇಲ್ಲದ ಹುಡುಗಿ, ನಿಮ್ಮ ಹೆಸರೂ ಕೆಡಸ್ತಾಳ. ನಾ ಪೂಜಿ ಮಾಡಿದ ವಿಮಾನ ಇನ್ನೂ ಹಾರಾಕತ್ತೇತಿ. ಇಕಿ ಕೆಲಸಾ ನೋಡ್ರಿ, ನಿಂತ ಹೋತು."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಬಂದವರೆದುರು ಅಪ್ಪನ ಮಾನ ಕಳೆಯಬಾರದೆಂದು ಸಿಟ್ಟು ನುಂಗಿ ಚಹಾದ ಕಪ್ಪು ಮಾವನ ಮುಂದಿಟ್ಟೆ. ಮಾವ "ವಿಚಾರ ಮಾಡೂಣು" ಎಂದು ಚಹಾ ಮುಗಿಸಿ ಎದ್ದರು.

ಅಪ್ಪ ವಿಭೂತಿ ಹಿಡಿದು ನಟ್ಟು ಬಿಚ್ಚುವ ನನ್ನ ಪಾನಾಗಳ ಡಬ್ಬಿಯ ಹತ್ತಿರ ಬಂದ. "ಇದಕ್ಕೂ ಹಚ್ಚತೇನಿ. ನಿನಗ ಭಕ್ತಿ ಇದ್ದಿದ್ರ ಹಿಂಗ ಆಗತಿದ್ದಿಲ್ಲ."

"ಹಚ್ಚಪ್ಪ. ಆ ವಿಮಾನನೂ ಹಾರೇತಿ," ಅಂದೆ. "ನೀ ಕಡ್ಡಿಗೆ ಬಳದಿದ್ದನ್ನ ತೊಳದ ಮ್ಯಾಲ. ಅದನ್ನ ಬಳದಾಕಿ ನಾನ ಅಂತ ಹೇಳಿ ಮನಿಗೆ ಬಂದೇನಿ."

ಅಪ್ಪನ ಮೂರು ಬೆರಳು ಡಬ್ಬಿಯ ಮೇಲೆ ಹಾಗೇ ನಿಂತವು. ಹೊರಗೆ ಮಾವನ ಮೋಟಾರ್ ಸೈಕಲ್ ಆಗಲೇ ಓಣಿ ದಾಟಿತ್ತು.