ಕುಗ್ಗಿದ ಬಟ್ಟೆಯ ಅಂಗಡಿ

ನನ್ನ ಅಂಗಡಿಯಿಂದ ಹೊರಬಿದ್ದ ಗಿರಾಕಿಗಳು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಕೈಯಲ್ಲಿದ್ದ ಚೀಲವನ್ನು ತಿರುವಿಹಾಕುವುದು. ಕಿಟಕಿಯ ಪಕ್ಕದಲ್ಲೇ ನನ್ನ ಹೊಲಿಗೆ ಯಂತ್ರ, ಎಲ್ಲ ಕಾಣುತ್ತಿತ್ತು. ಬಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡು, ಚೀಲದ ಒಳಮೈ ಹೊರಗೆ ಮಾಡಿ, ಮತ್ತೆ ತುಂಬಿಕೊಂಡು, ಆ ಕಡೆ ಈ ಕಡೆ ನೋಡಿ ಬಿರಬಿರನೆ ಹೋಗುವರು. ಆ ಚೀಲದ ಮೇಲೆ ನನ್ನ ಗಂಡ ಆಸೆಪಟ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು: ‘ಬಿಗಿಯಾದ ಬಟ್ಟೆ ಸಡಿಲಿಸಿ ಕೊಡಲಾಗುವುದು.’

ಬಟ್ಟೆ ಸಡಿಲಿಸುವುದು ನನ್ನ ಕೈಗೆ ಒಲಿದ ಕೆಲಸ. ಹಳೆಯ ಹೊಲಿಗೆ ಎಲ್ಲಿತ್ತೆಂದು ಹುಡುಕಿದರೂ ಸಿಗದು. ಆದರೆ ತನಗೆ ಮೈ ಬಂದಿದೆ ಎಂದು ಬೀದಿಗೆಲ್ಲ ಸಾರಿಕೊಂಡು ಹೋಗುವವರು ಯಾರಿದ್ದಾರೆ? ನನ್ನ ಕೆಲಸ ಮೆಚ್ಚಿದವರೂ ಇನ್ನೊಬ್ಬರ ಕಿವಿಗೆ ಹಾಕುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಫೋನ್ ರಿಪೇರಿಯವನೊಬ್ಬ ಅದನ್ನು ಬಾಡಿಗೆಗೆ ಕೇಳಿದ್ದ. “ಬೇಸಿಗೆ ಮುಗಿಯೋವರೆಗೆ ನೋಡೋಣ ಕಣೆ,” ಎಂದಿದ್ದರು ನನ್ನ ಗಂಡ. “ಆಮೇಲೂ ಹೀಗೇ ಇದ್ರೆ ಅವನಿಗೆ ಕೊಟ್ಬಿಡೋಣ. ನೀನು ಮತ್ತೆ ಫ್ಯಾಕ್ಟರಿಗೆ ಹೋದ್ರಾಯ್ತು.”

ಫ್ಯಾಕ್ಟರಿಯಲ್ಲಿ ನಾನು ಬರೀ ಕಾಲರ್ ಹೊಲಿದವಳು. ವರ್ಷಗಟ್ಟಲೆ ಕಾಲರ್. ಒಂದು ಪೂರ್ತಿ ಅಂಗಿ ಒಬ್ಬರ ಮೈಮೇಲೆ ಹೇಗೆ ಕೂರುತ್ತದೆಂದು ನೋಡಿದವಳೇ ಅಲ್ಲ. ಅಲ್ಲಿಗೆ ಮರಳುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ನಾದಿನಿಗೆ ಫೋನ್ ಮಾಡಿದೆ. ಅವಳು ಜಾಹೀರಾತು ಕಂಪನಿಯಲ್ಲಿರುವವಳು. ರಜೆಯ ದಿನ ಬಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಕಾಲು ಇಳಿಬಿಟ್ಟು ಕೂತಳು.

“ಅತ್ತಿಗೆ, ಮೊದಲು ಸ್ಟ್ರಾಟೆಜಿ. ಯಾರಿಗೆ ಹೇಳ್ಬೇಕು, ಏನ್ ಹೇಳ್ಬೇಕು, ಎಲ್ಲಿ ಹೇಳ್ಬೇಕು. ನಿಮ್ಮ ಗಿರಾಕಿಗಳು ಯಾರ್ಯಾರು?”

“ಹೇಳೋ ಹಾಗಿಲ್ಲ.”

“ನನಗೂನಾ?”

“ನಿಮ್ಮಣ್ಣಂಗೇ ಹೇಳಿಲ್ಲ.”

“ಮುಂಚೆ ಹೀಗಿತ್ತು, ಈಗ ಹೀಗಿದೆ ಅಂತ ಜೋಡಿ ಫೋಟೋ ಹಾಕೋಣ ಅಂತಿದ್ದೆ.”

“ಹಾಕು. ಬರೋ ನಾಲ್ಕು ಜನಾನೂ ಓಡಿಹೋಗ್ಲಿ.”

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುವುದು ನಮ್ಮತ್ತೆಯ ಹಕ್ಕು. ಬಂದವರನ್ನು ಮೊದಲು ಮಾತಾಡಿಸುವವರೂ ಅವರೇ. “ಯಾರಾದ್ರೇನು ಬಿಡೇ, ಎಲ್ಲರದ್ದೂ ಒಂದೇ ರಾಗ,” ಎಂದವರೇ ಶುರುಮಾಡಿದರು. ಕತ್ತು ಸೆಟೆಸಿ ಹೆಡ್‌ಮಾಸ್ತರರಾದರು: “ಒಗೆದಿದ್ದಕ್ಕೆ ಕುಗ್ಗಿಬಿಟ್ಟಿದೆ, ನೋಡಿ.” ಮೂಗಿನಲ್ಲಿ ಮಾತಾಡಿ ನರ್ಸಮ್ಮನಾದರು: “ಅಯ್ಯೋ, ಒಂದೇ ಒಗೆತಕ್ಕೆ ಹಿಂಗಾ ಕುಗ್ಗೋದು!” ಹೊಟ್ಟೆಯನ್ನು ಒಳಗೆಳೆದುಕೊಂಡು ಬಸ್ ಡ್ರೈವರ್ ಆದರು: “ಈಗಿನ ಸೋಪೇ ಸರಿಯಿಲ್ಲ ಕಣಮ್ಮ, ಕುಗ್ಗಿಸಿಬಿಡುತ್ತೆ.” ಆಮೇಲೆ ತಮ್ಮದೇ ದನಿಯಲ್ಲಿ, “ಬಟ್ಟೆ ಕುಗ್ತೋ ನೀವು ಉಬ್ಬಿದ್ರೋ ಅಂತ ನಾನು ಕೇಳೇಬಿಡ್ತೀನಿ. ಮುಖ ಇಷ್ಟು ಸಣ್ಣಗೆ ಮಾಡ್ಕೋತಾರೆ,” ಎಂದರು.

ನಾನು ಬಿದ್ದು ಬಿದ್ದು ನಗುತ್ತಿದ್ದೆ. ನಾದಿನಿ ಮಾತ್ರ ಮೇಜಿನಿಂದ ಜಿಗಿದಳು.

“ಅಮ್ಮ, ಇನ್ನೊಂದ್ಸಲ ಹೇಳು!”

“ಯಾವುದು, ಡ್ರೈವರಂದಾ?”

“ಎಲ್ಲರದ್ದೂ! ಅತ್ತಿಗೆ, ಅವರು ಏನ್ ಹೇಳ್ಕೊಂಡು ಒಳಗೆ ಬರ್ತಾರೋ ಅದನ್ನೇ ನಾವು ಹೊರಗೆ ಬರೆಯೋಣ. ತಪ್ಪು ಬಟ್ಟೇದು, ಗಿರಾಕೀದಲ್ಲ.”

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೇ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಸಂಜೆಗೆ ಎರಡು ಸಾಲು ಉಳಿದವು: ‘ಕುಗ್ಗಿದ ಬಟ್ಟೆ ಸರಿಮಾಡಿ ಕೊಡುತ್ತೇವೆ. ಕಾರಣ ಕೇಳುವುದಿಲ್ಲ.’ ಎರಡನೆಯದು ನನ್ನದು.

ಅತ್ತೆ ಅದನ್ನು ಓದಿ ನನ್ನನ್ನು ಗುರಾಯಿಸಿದರು. “ಇದು ನನಗೆ ಹೇಳಿದ್ದು ತಾನೇ?”

“ಹೂಂ ಅಮ್ಮ,” ಎಂದಳು ನಾದಿನಿ. “ಸ್ಟ್ರಾಟೆಜೀಲಿ ಎಲ್ಲಕ್ಕಿಂತ ಕಷ್ಟದ ಕೆಲಸ ನಿಂದೇ.”

ಬೋರ್ಡು ಬದಲಾಯಿತು, ಹೊಸ ಚೀಲಗಳು ಬಂದವು. ಬಿಗಿಯಾದ ಬಟ್ಟೆಯವರೂ ಇಸ್ತ್ರಿಗೆ ಕೊಡಲೇಬೇಕಲ್ಲ ಎಂದು ನಾದಿನಿ ಬೀದಿಕೊನೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯಲ್ಲಿ ಅದೇ ಸಾಲುಗಳಿದ್ದ ನಮ್ಮ ಕಾರ್ಡುಗಳನ್ನಿಟ್ಟು ಊರಿಗೆ ಹೋದಳು. ಮರುದಿನವೇ ಇಸ್ತ್ರಿಯವರು ಕಾರ್ಡು ಹಿಡಿದು ನುಗ್ಗಿದರು.

“ಏನಮ್ಮ ಇದು? ಬಟ್ಟೆ ಕುಗ್ಗಿಸೋನು ನಾನು ಅಂತ ನನ್ನ ಅಂಗಡೀಲೇ ಬರೆದಿಡ್ತೀರಾ?”

ಅವರು ಎದೆಯುಬ್ಬಿಸಿ ಕೂಗಿದ ರಭಸಕ್ಕೆ ಅಂಗಿಯ ಗುಂಡಿಯೊಂದು ಹಾರಿ ಅತ್ತೆಯ ಮಡಿಲಿಗೆ ಬಿತ್ತು. ಅತ್ತೆ ಬಾಯಿ ತೆರೆದರು. ಬೋರ್ಡು ನೋಡಿದರು. ಬಾಯಿ ಮುಚ್ಚಿದರು. ಆಮೇಲೆ ಎಂದೂ ಕೇಳದಷ್ಟು ಮೆತ್ತಗೆ, “ಬಿಚ್ಚಿಕೊಡಪ್ಪ, ಈಗಲೇ ಮಾಡ್ಕೊಡ್ತಾಳೆ,” ಎಂದರು.

ಸಡಿಲಾದ ಅಂಗಿ ತೊಟ್ಟು ಕೈ ಮೇಲೆತ್ತಿ, ಕೆಳಗಿಳಿಸಿ, ಇಸ್ತ್ರಿಯವರು ಒಂದು ಉದ್ದನೆಯ ಉಸಿರು ಬಿಟ್ಟರು. “ಕಾರ್ಡು ಇನ್ನೊಂದಿಷ್ಟು ಕೊಡಿ. ಮನೇಲಿ ಒಗೆದ್ರೆ ಹೀಗೇ ಆಗೋದು, ನನಗೇ ಕೊಡಿ ಅಂತ ಹೇಳ್ತೀನಿ.”

ಅಲ್ಲಿಂದಾಚೆ ಕಿಟಕಿಯಾಚೆಯ ನೋಟವೇ ಬೇರೆ. ನರ್ಸಮ್ಮ ಚೀಲವನ್ನು ಬೀಸಿಕೊಂಡು ಹೋದರು, ಅಕ್ಷರ ಹೊರಗೇ ಇತ್ತು. ಹೆಡ್‌ಮಾಸ್ತರರು ತಮ್ಮ ಮೇಷ್ಟ್ರುಗಳನ್ನೆಲ್ಲ ಕಳಿಸಿದರು. ಆ ಶಾಲೆಯಲ್ಲಿ ಎಲ್ಲರ ಬಟ್ಟೆಯೂ ಒಟ್ಟಿಗೇ ಕುಗ್ಗಿತ್ತು.

ಬೇಸಿಗೆಯ ಕೊನೆಗೆ ಫೋನ್ ರಿಪೇರಿಯವನು ಮತ್ತೆ ಬಂದ. ನನ್ನ ಗಂಡ ಬಾಗಿಲಲ್ಲೇ ನಿಂತು, “ಕೋಣೆ ಖಾಲಿ ಇಲ್ಲಪ್ಪ, ಖಾಲಿ ಆಗೋದೂ ಇಲ್ಲ,” ಎಂದದ್ದು ಯಂತ್ರದ ಸದ್ದಿನ ನಡುವೆಯೂ ನನಗೆ ಕೇಳಿಸಿತು. ದಾರ ಹರಿಯಿತು. ಮತ್ತೆ ಪೋಣಿಸಲು ಹೋದರೆ ಕಣ್ಣು ಮಂಜಾಗಿ ಸೂಜಿಯೇ ಕಾಣಲಿಲ್ಲ.

ಅವನನ್ನು ಕಳಿಸಿ ಒಳಗೆ ಬಂದವರು ನನ್ನ ಮೇಜಿನ ಮೇಲೆ ಒಂದು ಪ್ಯಾಂಟು ಇಟ್ಟರು.

“ಒಗೆದಿದ್ದಕ್ಕೆ ಕುಗ್ಗಿಬಿಟ್ಟಿದೆ ಕಣೆ.”

ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರು ಅವರೇ. ಅತ್ತೆ ತುಟಿ ಬಿಗಿಹಿಡಿದು ಬೀದಿಯ ಕಡೆ ತಿರುಗಿದರು, ಭುಜಗಳು ಮಾತ್ರ ಕುಣಿಯುತ್ತಿದ್ದವು. ನಾನು ಕೊರಳಲ್ಲಿದ್ದ ಟೇಪು ತೆಗೆದುಕೊಂಡೆ.

“ಕೈ ಎತ್ರೀ,” ಎಂದೆ. “ಹೊಟ್ಟೆ ಒಳಗೆ ಎಳ್ಕೋಬೇಡಿ.”